ದುಡ್ಡಿನ ಮಾತೇ ಎತ್ತದ ಸಭೆ: ಒಂದು ಪ್ರಕರಣ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಾಧಾರಣ ಊರು. ಅಲ್ಲೊಂದು ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಸಭೆ, ಅಂದರೆ ಚರ್ಚಿನಂಥ ಒಂದು ಧಾರ್ಮಿಕ ಸಮುದಾಯ, ಇದೆ. ಸದಸ್ಯರು 90ರ ಆಸುಪಾಸು, ನಾನೂ ಅವರಲ್ಲೊಬ್ಬ. ಕೆಲವು ವರ್ಷ ಅದರ ಹಣಕಾಸು ಸಮಿತಿಯಲ್ಲಿದ್ದೆ. ಆ ಅವಧಿಯ ಒಂದು ವರ್ಷದಲ್ಲಿ ಸಭೆಗೆ ದುಡ್ಡಿನ ಕಷ್ಟ ಬಂತು. ಅದನ್ನು ಹೇಗೆ ಎದುರಿಸಿದೆವು, ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಯಾರ ಗುರುತೂ ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಸಾವಿರದ ಲೆಕ್ಕಕ್ಕೆ ಸರಿಹೊಂದಿಸಿದ್ದೇನೆ.

ಕನ್ನಡದವರಿಗೆ ಈ ಪಂಥದ ಪರಿಚಯ ಕಡಿಮೆ. ಹೊರಗಿನಿಂದ ನೋಡಿದರೆ ಚರ್ಚ್ ಥರವೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹಾಡು, ಪ್ರವಚನ, ಆಮೇಲೆ ಕಾಫಿ. ಆದರೆ ಇದನ್ನು ನಂಬಲೇಬೇಕು ಎಂಬ ಕಟ್ಟಳೆ ಇಲ್ಲ. ದೇವರನ್ನು ನಂಬುವವರು, ನಂಬದವರು, ಬೌದ್ಧ ಧ್ಯಾನ ಮಾಡುವವರು, ಗಂಡ ಯಹೂದಿ ಹೆಂಡತಿ ಕ್ಯಾಥೊಲಿಕ್ ಆಗಿರುವ ಮನೆಯವರು, ನಮ್ಮಂಥ ಒಂದೆರಡು ಭಾರತೀಯ ಕುಟುಂಬಗಳು, ಎಲ್ಲರೂ ಒಂದೇ ಹಾಲಿನಲ್ಲಿ ಕೂರುತ್ತೇವೆ. 1793ರಲ್ಲಿ ಸಂಘಟಿತರಾದ ಯೂನಿವರ್ಸಲಿಸ್ಟರು ಮತ್ತು 1825ರಲ್ಲಿ ಸಂಘ ಕಟ್ಟಿಕೊಂಡ ಯೂನಿಟೇರಿಯನ್ನರು 1961ರಲ್ಲಿ ಒಂದಾದರು. ಇವತ್ತು ದೇಶದಲ್ಲಿ ಹೆಚ್ಚುಕಡಿಮೆ ಸಾವಿರ ಸಭೆಗಳಿವೆ. ನಮ್ಮ ಕಡೆಗೂ ಇದರ ನಂಟು ಹಳೆಯದೇ. ರಾಮಮೋಹನ ರಾಯರು 1821ರಲ್ಲಿ ಪಾದ್ರಿ ವಿಲಿಯಂ ಆಡಂ ಜೊತೆ ಸೇರಿ ಕಲ್ಕತ್ತಾದಲ್ಲಿ ಯೂನಿಟೇರಿಯನ್ ಸಮಿತಿ ಕಟ್ಟಿದ್ದರು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಜೋಮ್ ಕಿಸ್ಸೋರ್ ಸಿಂಗ್ 1887ರಲ್ಲಿ ಶುರು ಮಾಡಿದ ಯೂನಿಟೇರಿಯನ್ ಸಭೆಗಳು ಇಂದಿಗೂ ನಡೆಯುತ್ತಿವೆ.

ದುಡ್ಡಿನ ವಿಷಯಕ್ಕೆ ಬರುವ ಮುಂಚೆ ಒಂದು ಸಂಗತಿ ಗೊತ್ತಿರಬೇಕು. ಇಲ್ಲಿ ಬಿಷಪ್ ಇಲ್ಲ, ಮಠಾಧೀಶರಿಲ್ಲ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಪಂಥದ ಕ್ರೈಸ್ತರು ತಮ್ಮ ಚರ್ಚುಗಳ ನಿಯಮಪತ್ರವಾದ 1648ರ ಕೇಂಬ್ರಿಜ್ ಪ್ಲಾಟ್‌ಫಾರ್ಮ್‌ನಲ್ಲಿ ಬರೆದಿಟ್ಟ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ಸಭೆ ತನ್ನ ಮಿನಿಸ್ಟರನ್ನು, ಅಂದರೆ ಧರ್ಮಗುರುವನ್ನು, ತಾನೇ ಆರಿಸಿಕೊಳ್ಳುತ್ತದೆ, ಸಂಬಳವನ್ನೂ ತಾನೇ ಕೊಡುತ್ತದೆ. ಕಟ್ಟಡ ಸಭೆಯದು, ಸಾಲ ಬಂದರೆ ಅದೂ ಸಭೆಯದೇ. ಬಾಸ್ಟನ್‌ನ ಕೇಂದ್ರ ಕಚೇರಿಯಿಂದ ನಮ್ಮ ಖರ್ಚಿಗೆ ದುಡ್ಡು ಬರುವುದಿಲ್ಲ. ನಾವೇ ಅಲ್ಲಿಗೆ ವರ್ಷವರ್ಷ ಪಾಲು ಕಳಿಸಬೇಕು.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೂ ಊರಿನ ಚರ್ಚಿಗೆ ತೆರಿಗೆ ದುಡ್ಡು ಹೋಗುತ್ತಿತ್ತು. ಅಲ್ಲಿನ ಎಷ್ಟೋ ಹಳೆಯ ಚರ್ಚುಗಳು ಯೂನಿಟೇರಿಯನ್ ಆಗಿದ್ದರಿಂದ ಅವಕ್ಕೂ ಅದರಲ್ಲಿ ಪಾಲಿತ್ತು. ಇದರ ಜೊತೆಗೆ ಕೂರುವ ಬೆಂಚುಗಳನ್ನು ಮಾರುವುದು, ಬಾಡಿಗೆಗೆ ಕೊಡುವುದು ಬಹಳ ಕಾಲ ನಡೆಯಿತು. ಒಳ್ಳೆಯ ಜಾಗದ ಬೆಂಚಿಗೆ ದರ ಜಾಸ್ತಿ, ಮೂಲೆಯ ಬೆಂಚಿಗೆ ಕಡಿಮೆ. ಯಾರ ಹತ್ತಿರ ಎಷ್ಟಿದೆ ಎಂದು ಊರಿಗೆಲ್ಲ ಕಾಣುತ್ತಿತ್ತು. ಅದು ಸರಿಯಲ್ಲ ಎಂದು ನಿಧಾನಕ್ಕೆ ಕೈಬಿಟ್ಟರು. ಅದರ ಜಾಗಕ್ಕೆ ಪ್ಲೆಡ್ಜ್ ಬಂತು. ಮುಂದಿನ ವರ್ಷ ಇಷ್ಟು ಕೊಡುತ್ತೇನೆ ಎಂದು ಪ್ರತಿ ಮನೆಯವರೂ ಮೊದಲೇ ಬರೆದುಕೊಡುತ್ತಾರೆ. ಆ ಮಾತಿನ ಮೇಲೆ ಬಜೆಟ್ ನಿಲ್ಲುತ್ತದೆ. ಭಾನುವಾರದ ತಟ್ಟೆ ಕಾಸು ಅದರ ಮುಂದೆ ಚಿಲ್ಲರೆ.

ಕಷ್ಟ ಬಂದದ್ದು ಹೀಗೆ

ಆ ವರ್ಷ ನಮ್ಮ ಸಭೆಯ ಖರ್ಚು 1 ಲಕ್ಷ 80 ಸಾವಿರ ಡಾಲರ್. ಅದರಲ್ಲಿ ಮಿನಿಸ್ಟರ್ ಸಂಬಳ, ಮನೆಭತ್ಯೆ, ವಿಮೆ, ಪಿಂಚಣಿ ಸೇರಿ 95 ಸಾವಿರ. ಮಕ್ಕಳ ತರಗತಿ ನೋಡಿಕೊಳ್ಳುವವರು, ಪಿಯಾನೊ ನುಡಿಸುವವರು, ಆಫೀಸಿನ ಅರೆಕಾಲಿಕ ಕೆಲಸದವರು, ಈ ಮೂವರಿಗೆ 38 ಸಾವಿರ. ಕಟ್ಟಡಕ್ಕೆ 35 ಸಾವಿರ. ಬಾಸ್ಟನ್ ಪಾಲು 8 ಸಾವಿರ, ಉಳಿದ 4 ಸಾವಿರ ಚಿಲ್ಲರೆ ಖರ್ಚು.

ಆದಾಯದಲ್ಲಿ ಪ್ಲೆಡ್ಜ್‌ನಿಂದ 1 ಲಕ್ಷ 20 ಸಾವಿರ ಬರುತ್ತಿತ್ತು. ವಾರದ ದಿನಗಳಲ್ಲಿ ನೆಲಮಾಳಿಗೆಯಲ್ಲಿ ಒಂದು ಶಿಶುವಿಹಾರ ನಡೆಯುತ್ತದೆ, ಅದರ ಬಾಡಿಗೆ 25 ಸಾವಿರ. ಭಾನುವಾರದ ತಟ್ಟೆ ಮತ್ತು ಚಳಿಗಾಲದ ಹರಾಜು ಸೇರಿ 15 ಸಾವಿರ. ಹರಾಜು ಎಂದರೆ ಸದಸ್ಯರು ತಾವೇ ಮಾಡಿಕೊಡುವ ಊಟ, ಪಾಠ, ದೋಣಿ ಸವಾರಿ ಇಂಥವನ್ನು ಇತರ ಸದಸ್ಯರು ಕೂಗಿ ಕೊಳ್ಳುವುದು. ನಮ್ಮ ಮನೆಯ ದೋಸೆ ಊಟಕ್ಕೆ ಪ್ರತಿ ವರ್ಷ ಪೈಪೋಟಿ ಇರುತ್ತದೆ, ಅದು ಬೇರೆ ಮಾತು. ಇಷ್ಟೆಲ್ಲ ಸೇರಿಸಿದರೂ 20 ಸಾವಿರ ಸಾಲದು. ಆ ಕೊರತೆಯನ್ನು ಉಳಿತಾಯದಿಂದ ತೆಗೆದು ತುಂಬುತ್ತಿದ್ದೆವು. ಹಾಗೆ ತೆಗೆದು ತೆಗೆದು ಉಳಿತಾಯ 45 ಸಾವಿರಕ್ಕೆ ಇಳಿದಿತ್ತು.

ಅಷ್ಟರಲ್ಲಿ ಒಂದು ಹಿರಿಯ ದಂಪತಿಯಲ್ಲಿ ಗಂಡ ತೀರಿಕೊಂಡರು. ಹೆಂಡತಿ ಬೇರೆ ರಾಜ್ಯದಲ್ಲಿದ್ದ ಮಗಳ ಹತ್ತಿರದ ವೃದ್ಧಾಶ್ರಮಕ್ಕೆ ಹೋದರು. ಆ ಮನೆಯ ಪ್ಲೆಡ್ಜ್ ವರ್ಷಕ್ಕೆ 14 ಸಾವಿರ. ಇದು ಗೊತ್ತಿದ್ದದ್ದು ಖಜಾಂಚಿಗೆ ಮತ್ತು ಲೆಕ್ಕ ಬರೆಯುವ ಇನ್ನೊಬ್ಬರಿಗೆ ಮಾತ್ರ. ಯಾರು ಎಷ್ಟು ಕೊಡುತ್ತಾರೆ ಎಂಬುದು ಮಿನಿಸ್ಟರ್‌ಗೂ ತಿಳಿಯಬಾರದು ಎಂಬ ನಿಯಮ ನಮ್ಮಲ್ಲಿತ್ತು. ಕೊರತೆ ಈಗ 34 ಸಾವಿರ. ಇನ್ನು ಒಂದೂಕಾಲು ವರ್ಷಕ್ಕೆ ಉಳಿತಾಯ ಪೂರ್ತಿ ಖಾಲಿ.

ನಮ್ಮ ಸಭೆಯವರು ಸಾವು, ಲೈಂಗಿಕತೆ, ರಾಜಕೀಯ ಏನನ್ನು ಬೇಕಾದರೂ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ದುಡ್ಡಿನ ಮಾತು ಬಂದರೆ ಮಾತ್ರ ಎಲ್ಲರಿಗೂ ಸಂಕೋಚ. ಪ್ರತಿ ಫೆಬ್ರವರಿಯಲ್ಲಿ ಒಂದು ಪತ್ರ ಹೋಗುತ್ತಿತ್ತು: ಈ ವರ್ಷವೂ ಕೊರತೆ ಇದೆ, ದಯವಿಟ್ಟು ಸ್ವಲ್ಪ ಜಾಸ್ತಿ ಕೊಡಿ. ಕಾಫಿ ಕುಡಿಯುವ ಕೋಣೆಯ ಗೋಡೆಗೆ ಕಾಗದದ ಥರ್ಮಾಮೀಟರ್ ಅಂಟಿಸಿ, ಬಂದಷ್ಟಕ್ಕೆ ಕೆಂಪು ಬಣ್ಣ ತುಂಬುತ್ತಿದ್ದರು. ಅದನ್ನು ದಾಟಿಕೊಂಡು ಜನ ಬಿಸ್ಕತ್ತು ತಿನ್ನಲು ಹೋಗುತ್ತಿದ್ದರು. ಪ್ಲೆಡ್ಜ್ ಮೊತ್ತ ಹಲವು ವರ್ಷಗಳಿಂದ ಹಾಗೇ ನಿಂತಿತ್ತು.

ಪಟ್ಟಿ ಬಿಚ್ಚಿದಾಗ ಕಂಡದ್ದು

ಪತ್ರವನ್ನು ಇನ್ನಷ್ಟು ಚೆನ್ನಾಗಿ ಬರೆಯೋಣ ಎಂದು ಕೆಲವರು ಅಂದರು. ಮೊದಲು ಲೆಕ್ಕ ನೋಡೋಣ ಅಂದವರು ಖಜಾಂಚಿ. ಆಕೆ ನಿವೃತ್ತ ನರ್ಸ್, ಮಾತು ಕಡಿಮೆ, ಪೆನ್ಸಿಲ್ ಚೂಪು. ಹೆಸರುಗಳನ್ನೆಲ್ಲ ತೆಗೆದು, ಬರೀ ಮೊತ್ತಗಳನ್ನು ಏರಿಕೆ ಕ್ರಮದಲ್ಲಿ ಬರೆದು ತಂದರು.

ಪ್ಲೆಡ್ಜ್ ಕೊಡುವ ಮನೆಗಳು 55. ಅದರಲ್ಲಿ 6 ಮನೆಗಳು ಸೇರಿ 48 ಸಾವಿರ ಕೊಡುತ್ತಿದ್ದವು. ಅಂದರೆ ಒಟ್ಟು ಪ್ಲೆಡ್ಜ್‌ನ ಶೇ 40. ಇನ್ನೊಂದು ತುದಿಯಲ್ಲಿ 20 ಮನೆಗಳು ತಲಾ 500 ಡಾಲರಿಗಿಂತ ಕಡಿಮೆ ಕೊಡುತ್ತಿದ್ದವು. ಅವೆಲ್ಲ ಸೇರಿ 6 ಸಾವಿರ, ಶೇ 5. ಸರಾಸರಿ ತೆಗೆದರೆ ಮನೆಗೆ ಸುಮಾರು 2,200 ಬರುತ್ತದೆ. ಇಷ್ಟು ವರ್ಷ ಪತ್ರದಲ್ಲಿ ಹೇಳುತ್ತಿದ್ದದ್ದು ಇದೇ ಸರಾಸರಿ. ಆದರೆ ಸಾಲಿನ ನಟ್ಟನಡುವೆ ನಿಂತ ಮನೆ ಕೊಡುತ್ತಿದ್ದದ್ದು 1,200. ಸರಾಸರಿ ಕೇಳಿದವರಿಗೆ ಎಲ್ಲರೂ ಚೆನ್ನಾಗಿಯೇ ಕೊಡುತ್ತಿದ್ದಾರೆ ಅನ್ನಿಸುತ್ತಿತ್ತು, ಅಷ್ಟೇ.

ಆ 6 ಮನೆಗಳಲ್ಲಿ 5 ಮನೆಯವರು 75 ದಾಟಿದವರು. ಇದನ್ನು ಆಕೆ ಹೇಳಿದಾಗ ಸಮಿತಿಯಲ್ಲಿ ಯಾರೂ ಸ್ವಲ್ಪ ಹೊತ್ತು ಬಾಯಿ ಬಿಡಲಿಲ್ಲ. ಬಂದಿರುವ ಕಷ್ಟ ಒಂದು ಮನೆಯದಲ್ಲ. ಇನ್ನು ಹತ್ತು ವರ್ಷದೊಳಗೆ ಇದೇ ಕಷ್ಟ ಮತ್ತೆ ಮತ್ತೆ ಬರುತ್ತದೆ.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡಿನ ಮಾತು ಆಡದಿರುವುದನ್ನು ನಾವು ಸಭ್ಯತೆ ಅಂದುಕೊಂಡಿದ್ದೆವು. ಆದರೆ ಅದರ ಭಾರ ಬಿದ್ದದ್ದು ಬಹುಪಾಲು ಮುದುಕರೇ ಇದ್ದ ಆರು ಮನೆಗಳ ಮೇಲೆ. ಕೇಳದೇ ಕೊಡುವವರು ಕೊಡುತ್ತಲೇ ಹೋದರು. ಕೇಳಿದರೆ ಕೊಡಬಹುದಾಗಿದ್ದವರನ್ನು ಯಾರೂ ಕೇಳಲಿಲ್ಲ.

ಮನೆಮನೆಗೆ

ಪತ್ರ ಬಿಟ್ಟು, ಪ್ರತಿ ಮನೆಗೂ ಹೋಗಿ ಎದುರಾಎದುರು ಕೂತು ಕೇಳುವುದು ಎಂದು ತೀರ್ಮಾನವಾಯಿತು. ಇದೇನು ಹೊಸದಲ್ಲ, ಅಮೆರಿಕದ ಚರ್ಚುಗಳಲ್ಲಿ ನೂರು ವರ್ಷದ ಹಿಂದೆಯೂ ಮಾಡುತ್ತಿದ್ದರು. ನಮ್ಮಲ್ಲಿ ಮುಜುಗರ ಎಂದು ಬಿಟ್ಟುಹೋಗಿತ್ತು. 12 ಜನ ಒಪ್ಪಿಕೊಂಡರು, ಒಬ್ಬೊಬ್ಬರಿಗೆ ನಾಲ್ಕೈದು ಮನೆ. ಒಂದು ಷರತ್ತು: ಕೇಳಲು ಹೋಗುವವರು ತಮ್ಮ ಪ್ಲೆಡ್ಜ್ ಚೀಟಿ ಮೊದಲು ಕೊಟ್ಟಿರಬೇಕು. ತಾನು ಕೊಡದೆ ಇನ್ನೊಬ್ಬರನ್ನು ಕೇಳಿದರೆ ಬಾಯಿಗೆ ಮಾತೇ ಬರುವುದಿಲ್ಲ.

ಮೊದಲ ವಾರ ವಿಚಿತ್ರವಾಯಿತು. ಹೋದವರೆಲ್ಲ ಖುಷಿಯಾಗಿ ಬಂದರು. ಒಂದು ಗಂಟೆ ಮಾತಾಡಿದೆವು, ಅವರ ಮೊಮ್ಮಗಳ ಫೋಟೊ ನೋಡಿದೆವು, ತುಂಬಾ ಆಪ್ತವಾಗಿತ್ತು. ದುಡ್ಡು ಕೇಳಿದ್ರಾ? ಇಲ್ಲ, ಸಂದರ್ಭ ಬರಲಿಲ್ಲ. ಖಜಾಂಚಿ ಕೊನೆಗೆ ಒಂದು ಸಣ್ಣ ಕಾರ್ಡಿನಲ್ಲಿ ಎರಡೇ ಪ್ರಶ್ನೆ ಬರೆದುಕೊಟ್ಟರು. ಈ ಸಭೆ ಮುಂದಿನ ವರ್ಷ ಮುಚ್ಚಿದರೆ ನಿಮ್ಮ ಮನೆಗೆ ಏನು ಕಡಿಮೆಯಾಗುತ್ತದೆ? ತಿಂಗಳಿಗೆ ಇಷ್ಟು ಕೊಡಲು ಆಗುತ್ತದಾ? ಎರಡನೆಯದರಲ್ಲಿ ಒಂದು ಮೊತ್ತವನ್ನು ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ತಿಂಗಳ ಲೆಕ್ಕ ಯಾಕೆ ಅಂದರೆ, ವರ್ಷಕ್ಕೆ 1,200 ಎಂದಾಗ ಹಿಂಜರಿಯುವವರು ತಿಂಗಳಿಗೆ 100 ಎಂದರೆ ಯೋಚನೆ ಮಾಡುತ್ತಾರೆ. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನೂ ಆಗಲೇ ಮಾಡಿಕೊಂಡೆವು.

ಕೇಳಿಸಿಕೊಂಡ ಮಾತುಗಳು ನಾವು ಊಹಿಸಿದ ಹಾಗಿರಲಿಲ್ಲ. ಒಬ್ಬ ಹೆಂಗಸು ಬಾಲ್ಯದಲ್ಲಿ ಬಹಳ ಕಟ್ಟುನಿಟ್ಟಿನ ಚರ್ಚಿನಲ್ಲಿ ಬೆಳೆದವರು. ಅಲ್ಲಿ ಆದಾಯದ ಹತ್ತರಲ್ಲೊಂದು ಪಾಲು ಕೊಡಲೇಬೇಕು. ಅಪ್ಪನಿಗೆ ಕೆಲಸ ಹೋದ ವರ್ಷವೂ ಅಮ್ಮ ದಿನಸಿ ದುಡ್ಡಿನಲ್ಲಿ ಅದನ್ನು ತೆಗೆದಿಟ್ಟರಂತೆ. ಇವತ್ತಿಗೂ ತಟ್ಟೆ ಹತ್ತಿರ ಬಂದರೆ ಅವರಿಗೆ ಮೈ ಬಿಗಿಯುತ್ತದೆ. ಇಂಥವರು ನಮ್ಮಲ್ಲಿ ಒಬ್ಬರಲ್ಲ. ನಮ್ಮಂಥ ಕಟ್ಟಳೆಯಿಲ್ಲದ ಪಂಥಕ್ಕೆ ಬರುವವರಲ್ಲಿ ಬಹಳ ಜನ ಬೇರೆ ಎಲ್ಲಿಂದಲೋ ನೊಂದು ಬಂದವರು. ಆ ನೋವಿನಲ್ಲಿ ದುಡ್ಡಿನದೂ ಒಂದು ಪಾಲು. ಅವರಿಗೆ ಕೊರತೆ, ಕರ್ತವ್ಯ, ಪಾಲು ಎಂಬ ಪತ್ರ ಹೋದರೆ ಹಳೆಯದೆಲ್ಲ ಎದ್ದು ಬರುತ್ತದೆ.

ಇನ್ನೊಂದು ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ವರ್ಷಕ್ಕೆ 400 ಕೊಡುತ್ತಿದ್ದರು. ಸದಸ್ಯತ್ವಕ್ಕೆ ಅಷ್ಟೇ ಶುಲ್ಕ ಅಂತ ತಿಳಿದಿದ್ದರು. ಸೇರಿದಾಗ ಯಾರೋ ಸುಮ್ನೆ ಹೇಳಿದ ಸಂಖ್ಯೆಯನ್ನೇ ಮುಂದುವರಿಸಿಕೊಂಡು ಬಂದಿದ್ದರು. ಬಜೆಟ್ ಹಾಳೆ ತೋರಿಸಿದ ಮೇಲೆ ಆತ ಅಂದದ್ದು ಇಷ್ಟೇ: ‘ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ.’ ತಿಂಗಳಿಗೆ 200 ಎಂದು ಅಲ್ಲೇ ಬರೆದುಕೊಟ್ಟರು.

ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಒಂದರಲ್ಲೇ ಬದುಕುವ ಅಜ್ಜಿಯೊಬ್ಬರು ತಿಂಗಳಿಗೆ 20 ಡಾಲರ್ ಕೊಡುತ್ತಿದ್ದರು. ಬಾಗಿಲು ತೆಗೆದವರೇ ಕ್ಷಮೆ ಕೇಳಲು ಶುರು ಮಾಡಿದರು. ಜಾಸ್ತಿ ಕೇಳಲು ಬಂದದ್ದಲ್ಲ, ಇಷ್ಟು ವರ್ಷ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಲು ಬಂದೆ ಎಂದು ಹೋದವರು ಸಮಾಧಾನ ಮಾಡಬೇಕಾಯಿತು. ಆದಾಯಕ್ಕೆ ಹೋಲಿಸಿದರೆ ಆ ಸಾಫ್ಟ್‌ವೇರ್ ದಂಪತಿಗಿಂತ ಈಕೆ ಎಷ್ಟೋ ಪಟ್ಟು ಜಾಸ್ತಿ ಕೊಡುತ್ತಿದ್ದರು. 500ಕ್ಕಿಂತ ಕಡಿಮೆ ಕೊಡುವ 20 ಮನೆ ಎಂದು ಹಾಳೆಯ ಮೇಲೆ ಒಂದೇ ಗುಂಪು. ಒಳಗೆ ಹೋಗಿ ನೋಡಿದರೆ ಕೈಲಾಗದವರು, ಯಾರೂ ಕೇಳದೆ ಬಿಟ್ಟವರು, ಸಿಟ್ಟಿನಲ್ಲಿರುವವರು, ಅರ್ಧ ಮನಸ್ಸಿನವರು, ಎಲ್ಲ ಇದ್ದರು.

ನಮ್ಮ ಭಾರತೀಯರದು ಇನ್ನೊಂದೇ ಥರ. ದೇವಸ್ಥಾನಕ್ಕೆ ದುಡ್ಡು ಕೊಡುವುದು ನಮಗೆ ಗೊತ್ತು. ಆದರೆ ಅಲ್ಲಿ ಅರ್ಚನೆಗೆ ಇಷ್ಟು, ಅಭಿಷೇಕಕ್ಕೆ ಇಷ್ಟು ಎಂದು ಬೋರ್ಡ್ ಇರುತ್ತದೆ. ಅಮೆರಿಕದ ದೇವಸ್ಥಾನಗಳಲ್ಲೂ ಹಾಗೇ. ಕೊಟ್ಟದ್ದಕ್ಕೆ ರಸೀದಿ, ಪ್ರಸಾದ, ಮನಸ್ಸಿಗೆ ನೆಮ್ಮದಿ. ಇಲ್ಲಿ ಯಾವ ಸೇವೆಗೂ ದರವಿಲ್ಲ. ನಾನು ಪ್ಲೆಡ್ಜ್ ವಿಷಯ ಹೇಳಿದಾಗ ನಮ್ಮಮ್ಮ ಫೋನಿನಲ್ಲಿ ಕೇಳಿದರು: ‘ಪೂಜೆ ಇಲ್ಲ, ಪ್ರಸಾದ ಇಲ್ಲ, ಅಷ್ಟೊಂದು ದುಡ್ಡು ಯಾಕೋ ಕೊಡ್ತೀಯ?’ ಪ್ರಶ್ನೆ ಸರಿಯಾಗಿಯೇ ಇದೆ. ಪಾಪಭಯವಿಲ್ಲ, ಪುಣ್ಯದ ಆಸೆ ಇಲ್ಲ, ಇಷ್ಟೇ ಕೊಡು ಎಂಬ ಶಾಸ್ತ್ರ ಇಲ್ಲ. ಹಾಗಿದ್ದಾಗ ಇಂಥ ಸಭೆಯವರು ಯಾವ ಬಾಯಲ್ಲಿ ಕೇಳಬೇಕು?

ಇದಕ್ಕೆ ನಮ್ಮ ಮಿನಿಸ್ಟರ್ ಕೊಟ್ಟ ಉತ್ತರ ನನಗೆ ಹಿಡಿಸಿತು. ಆ ದಿನಗಳ ಒಂದು ಭಾನುವಾರ ಆಕೆ ಕೊರತೆಯ ಮಾತೇ ಎತ್ತಲಿಲ್ಲ. ತನ್ನ ಸಂಬಳ ಎಷ್ಟು, ಅದರಲ್ಲಿ ಸಭೆಗೆ ವಾಪಸ್ ಎಷ್ಟು ಕೊಡುತ್ತೇನೆ ಎಂದು ನೇರವಾಗಿ ಹೇಳಿದರು. ಸಂಬಳ ಬಜೆಟ್ಟಿನಲ್ಲಿ ಇದ್ದೇ ಇರುತ್ತದೆ, ಆದರೂ ಅದನ್ನು ವೇದಿಕೆಯ ಮೇಲೆ ಅವರ ಬಾಯಲ್ಲೇ ಕೇಳಿ ಹಾಲಿನಲ್ಲಿದ್ದವರು ತಲೆ ಎತ್ತಿ ನೋಡಿದರು. ಆಮೇಲೆ ಹೇಳಿದ್ದು: ನಮ್ಮನ್ನು ನಡೆಸಲು ಮೇಲೆ ಯಾರೂ ಇಲ್ಲ, ನಿಮ್ಮನ್ನು ಬಿಟ್ಟರೆ ಈ ಸಭೆಗೆ ಬೇರೆ ಧಣಿ ಇಲ್ಲ, ಯಾರ ಅಪ್ಪಣೆಯೂ ಬೇಡ ಎಂದವರು ಖರ್ಚನ್ನೂ ಹೊರಬೇಕು.

ಪ್ರವಚನಕ್ಕೆ ಮುಂಚೆ ಒಬ್ಬೊಬ್ಬ ಸದಸ್ಯರು ಎರಡು ನಿಮಿಷ ತಾವು ಯಾಕೆ ಕೊಡುತ್ತೇವೆ ಎಂದು ಹೇಳುವ ಪರಿಪಾಠ ಆ ತಿಂಗಳು ಇತ್ತು. ನನ್ನ ಸರದಿಯಲ್ಲಿ ನಾನು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡಹೆಂಡತಿ. ಒಂದು ದಿನ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ನಮಗೆ ಬೇಡ, ವಾಪಸ್ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಕಥೆ ಎಲ್ಲರಿಗೂ ಇಷ್ಟವಾಯಿತು. ಕಾಫಿ ಹೊತ್ತಿಗೆ ಖಜಾಂಚಿ ನನ್ನ ಹತ್ತಿರ ಬಂದು, ಹಣ ಎತ್ತುವ ದಿನ ಬಂದದ್ದನ್ನು ವಾಪಸ್ ಕಳಿಸಿದವಳ ಕಥೆ ಯಾಕೆ ಹೇಳಿದೆ ಎಂದು ನಕ್ಕರು. ಆದರೆ ಆ ಅಜ್ಜಿ ಮಾತ್ರ ಲಕ್ಕಮ್ಮನ ಹೆಸರನ್ನು ಬರೆಸಿಕೊಂಡು ಹೋದರು.

ಶೇಕಡಾ ಪಟ್ಟಿಯ ಜಗಳ

ಪಂಥದ ಕೇಂದ್ರ ಕಚೇರಿ ಬಹಳ ಕಾಲದಿಂದ ಒಂದು ಮಾರ್ಗದರ್ಶಿ ಪಟ್ಟಿ ಹಂಚುತ್ತದೆ. ನಿಮ್ಮ ಆದಾಯ ಇಷ್ಟಿದ್ದರೆ ಇಷ್ಟು ಕೊಡುವುದು ನ್ಯಾಯವಾದ ಪಾಲು ಎಂದು ಅದರಲ್ಲಿ ಇರುತ್ತದೆ. ಕಡಿಮೆ ಆದಾಯಕ್ಕೆ ಕಡಿಮೆ ಶೇಕಡಾ, ಜಾಸ್ತಿ ಆದಾಯಕ್ಕೆ ಜಾಸ್ತಿ. ಮೇಲಿನ ತುದಿಯಲ್ಲಿ ಶೇ 10 ಇರುತ್ತದೆ. ಲೆಕ್ಕದ ದೃಷ್ಟಿಯಿಂದ ಇದರಷ್ಟು ನ್ಯಾಯ ಬೇರೆ ಇಲ್ಲ. ಎಲ್ಲರಿಗೂ ಒಂದೇ ಮೊತ್ತ ಎನ್ನುವುದಿಲ್ಲ, ಬಡವರ ಮೇಲೆ ಹೊರೆ ಹಾಕುವುದಿಲ್ಲ. ಅದನ್ನೇ ನಾವು ಮುದ್ರಿಸಿ ಎಲ್ಲರಿಗೂ ಕೊಟ್ಟೆವು.

ಮುಂದಿನ ಮೀಟಿಂಗಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತರು. ಇದು ಕಾಣಿಕೆ ಅಲ್ಲ, ತೆರಿಗೆ ಅಂದರು. ನನ್ನ ಆದಾಯ ಎಷ್ಟೆಂದು ನೀವ್ಯಾರು ಕೇಳಲು? ಕಾಲೇಜು ಸಾಲ ತೀರಿಸುತ್ತಿದ್ದ ಯುವಕನೊಬ್ಬ ಇನ್ನೊಂದು ಕಡೆಯಿಂದ ಆಕ್ಷೇಪ ಎತ್ತಿದ. ಪಟ್ಟಿಯಲ್ಲಿ ಆದಾಯ ಇದೆ, ಸಾಲ ಎಲ್ಲಿದೆ? ಮಕ್ಕಳ ಪಾಲನೆಗೆ ತಿಂಗಳಿಗೆ ಸಾವಿರಾರು ಡಾಲರ್ ಕೊಡುವವರ ಕಥೆ ಏನು? ಮೊದಲೇ ಹೇಳಿದ ಆ ಹೆಂಗಸಿಗಂತೂ ಶೇ 10 ಎಂಬ ಅಂಕಿಯನ್ನು ಕಂಡದ್ದೇ ಸಾಕಾಯಿತು. ಆಕೆ ಎರಡು ವಾರ ಬರಲಿಲ್ಲ.

ಪಟ್ಟಿಯಿಂದ ಉಪಯೋಗವೂ ಆಯಿತು, ಅದನ್ನೂ ಹೇಳಬೇಕು. ತನ್ನಂಥವರು ಎಷ್ಟು ಕೊಡುತ್ತಾರೆ ಎಂಬ ಅಂದಾಜೇ ಇಲ್ಲದವರಿಗೆ ಅದು ಒಂದು ದಾರಿ ತೋರಿಸಿತು. ಕೊನೆಗೆ ಅದನ್ನು ಮನೆಗೆ ಹೋಗುವವರ ಕೈಯಲ್ಲಿ ಮಾತ್ರ ಇಟ್ಟೆವು, ಕೇಳಿದವರಿಗೆ ತೋರಿಸುವುದು ಎಂದಾಯಿತು. ಎಲ್ಲರಿಗೂ ಕೊಟ್ಟದ್ದು ಹೆಸರಿಲ್ಲದ ಪಟ್ಟಿಯನ್ನು: ಇಷ್ಟರಿಂದ ಇಷ್ಟರವರೆಗೆ ಕೊಡುವ ಮನೆಗಳು ಎಷ್ಟು ಎಂದು ಮಾತ್ರ. ಮೊದಲು ಒಂದೊಂದು ಮನೆಗೂ ಒಂದೊಂದು ಗೆರೆ ಎಳೆದ ಚಿತ್ರ ಮಾಡಿದ್ದರು. 55 ಮನೆಯ ಸಭೆಯಲ್ಲಿ ಎಲ್ಲಕ್ಕಿಂತ ಉದ್ದದ ಗೆರೆ ಯಾರದೆಂದು ಹೆಸರಿಲ್ಲದಿದ್ದರೂ ಗೊತ್ತಾಗುತ್ತದೆ, ಅಲ್ವಾ? ಅದಕ್ಕೇ ಅದನ್ನು ಕೈಬಿಟ್ಟದ್ದು.

ಈ ಗುಂಪುಪಟ್ಟಿ ಮಾಡಿದ ಕೆಲಸವನ್ನು ಯಾವ ಭಾಷಣವೂ ಮಾಡಲಿಲ್ಲ. ಯಾರೋ ಶ್ರೀಮಂತರು ನೋಡಿಕೊಳ್ಳುತ್ತಿದ್ದಾರೆ ಎಂಬುದು ಬಹಳ ಜನರ ನಂಬಿಕೆಯಾಗಿತ್ತು. ಆ ಶ್ರೀಮಂತರು ಬರೀ ಆರು ಮನೆ, ಈಗ ಐದು ಎಂದು ತಿಳಿದಾಗ ಜನ ತಮ್ಮ ಗುಂಪು ಯಾವುದೆಂದು ಹುಡುಕಿಕೊಂಡರು.

ತೆರಿಗೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಇಂಥ ಸಭೆಗೆ ಕೊಟ್ಟ ದುಡ್ಡಿಗೆ ಅಮೆರಿಕದಲ್ಲಿ ಆದಾಯ ತೆರಿಗೆ ವಿನಾಯಿತಿ ಇದೆ, ಒಂದೇ ಸಲಕ್ಕೆ 250 ಡಾಲರ್ ಅಥವಾ ಮೇಲೆ ಕೊಟ್ಟರೆ ಸಭೆಯ ಪತ್ರ ಬೇಕು. ಆದರೆ 2018ರಿಂದ ಎಲ್ಲರಿಗೂ ತಾನಾಗಿ ಸಿಗುವ ಕಡಿತ ಒಬ್ಬರಿಗೆ 12,000, ದಂಪತಿಗೆ 24,000ಕ್ಕೆ ಏರಿತು. ಹಾಗಾಗಿ ಮಧ್ಯಮ ವರ್ಗದ ಬಹುಪಾಲು ಜನರಿಗೆ ದಾನದ ಲೆಕ್ಕ ಬೇರೆ ತೋರಿಸಿ ಪ್ರಯೋಜನವೇ ಇಲ್ಲದಂತಾಯಿತು. ತೆರಿಗೆ ಉಳಿಯುತ್ತದೆ ಎಂದು ಕೇಳುವ ಹಳೆಯ ಮಾತು ನಡೆಯಲಿಲ್ಲ. ನಿಜಕ್ಕೂ ನೆರವಾದದ್ದು ಇನ್ನೊಂದು ನಿಯಮ. ಎಪ್ಪತ್ತೂವರೆ ವರ್ಷ ದಾಟಿದವರು ತಮ್ಮ ನಿವೃತ್ತಿ ಖಾತೆಯಿಂದ ನೇರವಾಗಿ ಸಭೆಗೆ ಕಳಿಸಿದರೆ ಆ ಮೊತ್ತ ಅವರ ಆದಾಯಕ್ಕೆ ಸೇರುವುದೇ ಇಲ್ಲ. ಇದು ನಮ್ಮ ಹಿರಿಯರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಒಂದು ಶನಿವಾರ ಖಜಾಂಚಿ ಅವರನ್ನು ಕೂರಿಸಿಕೊಂಡು ವಿವರಿಸಿದರು. ಉಳಿದ ಐದು ದೊಡ್ಡ ಮನೆಗಳ ಪೈಕಿ ಎರಡು ಆ ದಾರಿ ಹಿಡಿದು ಸ್ವಲ್ಪ ಜಾಸ್ತಿಯೂ ಕೊಟ್ಟವು.

ಏಪ್ರಿಲ್ ಕೊನೆಯ ಲೆಕ್ಕ

ಆ 14 ಸಾವಿರ ಹೋದ ಮೇಲೆ ಪ್ಲೆಡ್ಜ್ 1 ಲಕ್ಷ 6 ಸಾವಿರಕ್ಕೆ ಇಳಿದಿತ್ತು. ಅಭಿಯಾನ ಮುಗಿದಾಗ 1 ಲಕ್ಷ 27 ಸಾವಿರ. 21 ಸಾವಿರ ಏರಿತು. ಹೊಸದಾಗಿ 7 ಮನೆಗಳು ಪ್ಲೆಡ್ಜ್ ಕೊಟ್ಟವು. ಏರಿಕೆಯ ಬಹುಪಾಲು ಬಂದದ್ದು ನಡುವಿನ ಮತ್ತು ಕೆಳಗಿನ ಮನೆಗಳಿಂದ. ದೊಡ್ಡ ಐದು ಮನೆಗಳ ಪಾಲು ಒಟ್ಟು ಮೊತ್ತದಲ್ಲಿ ಶೇ 28ಕ್ಕೆ ಬಂತು. ನನಗೆ ಎಲ್ಲಕ್ಕಿಂತ ಸಮಾಧಾನ ತಂದ ಅಂಕಿ ಇದೇ. ಸಾಲಿನ ನಡುವೆ ನಿಂತ ಮನೆಯ ಮೊತ್ತ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ, ಯಾಕೆಂದರೆ ಹೊಸಬರು ಸಣ್ಣ ಮೊತ್ತದಿಂದ ಶುರು ಮಾಡಿದರು. 500ಕ್ಕಿಂತ ಕಡಿಮೆ ಕೊಡುತ್ತಿದ್ದ 20 ಮನೆಗಳಲ್ಲಿ 12 ಅಲ್ಲೇ ಉಳಿದವು. ಆ ಮೇಷ್ಟ್ರು ಹಿಂದಿನ ವರ್ಷದಷ್ಟೇ ಕೊಟ್ಟರು, ಒಂದು ಡಾಲರ್ ಕಡಿಮೆಯಿಲ್ಲ, ಜಾಸ್ತಿಯಿಲ್ಲ.

ಇಷ್ಟಾದರೂ ಸಾಲಲಿಲ್ಲ. ಬಾಡಿಗೆ, ತಟ್ಟೆ, ಹರಾಜು ಎಲ್ಲ ಸೇರಿ ಆದಾಯ 1 ಲಕ್ಷ 67 ಸಾವಿರ. ಕಟ್ಟಡದ ವಿಮೆ ಏರಿದ್ದರಿಂದ ಖರ್ಚು 1 ಲಕ್ಷ 83 ಸಾವಿರ. ಕೊರತೆ 16 ಸಾವಿರ. ಇನ್ನು ಉಳಿತಾಯ ಮುಟ್ಟುವುದಿಲ್ಲ ಎಂದು ಸಭೆಯ ಆಡಳಿತ ಮಂಡಳಿಯಾದ ಬೋರ್ಡ್ ಮೊದಲೇ ತೀರ್ಮಾನಿಸಿತ್ತು. ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಎರಡು ದಾರಿ ಎದುರಿಗಿದ್ದವು. ಒಂದು, ಮಕ್ಕಳ ತರಗತಿ ಮತ್ತು ಸಂಗೀತದವರನ್ನು ಕಡಿತ ಮಾಡುವುದು. ಎರಡು, ಮಿನಿಸ್ಟರ್ ಕೆಲಸವನ್ನು ಮುಕ್ಕಾಲು ಹೊತ್ತಿಗೆ ಇಳಿಸುವುದು. ವಿಮೆ ಪೂರ್ತಿ ಕೊಡಬೇಕಾದ್ದರಿಂದ ಇದರಲ್ಲಿ ಉಳಿಯುವುದು 20 ಸಾವಿರ. ಮಿನಿಸ್ಟರ್ ತಾವೇ ಎರಡನೆಯದನ್ನು ಮುಂದಿಟ್ಟರು. ಚರ್ಚೆ ಮೂರು ಗಂಟೆ ನಡೆಯಿತು. ಎರಡನೆಯದಕ್ಕೇ ಹೆಚ್ಚು ಮತ ಬಿತ್ತು, ಆದರೆ ಅಂತರ ಕಡಿಮೆ. ಉಳಿದ 4 ಸಾವಿರ ಚಾವಣಿ ರಿಪೇರಿಗೆ ಎತ್ತಿಟ್ಟೆವು.

ಅಭಿಯಾನ ಗೆದ್ದಿತೋ ಸೋತಿತೋ ಎಂದು ಕೇಳಿದರೆ ಇಬ್ಬರು ಎರಡು ಥರ ಹೇಳುತ್ತಾರೆ. ಮನೆಮನೆಗೆ ಹೋದವರಲ್ಲಿ ಇಬ್ಬರು ಇನ್ನು ಈ ಕೆಲಸ ಬೇಡ ಎಂದರು. ಅಷ್ಟು ಕೇಳಿಯೂ ಮಿನಿಸ್ಟರ್ ಸಂಬಳ ಕಡಿಯಬೇಕಾಯಿತಲ್ಲ ಎಂಬ ಬೇಸರ. ನಾನು ಹಾಗೆ ನೋಡುವುದಿಲ್ಲ. 90 ಜನರ ಸಭೆ ಪೂರ್ಣಾವಧಿ ಮಿನಿಸ್ಟರನ್ನು ಇಟ್ಟುಕೊಂಡಿದ್ದೇ ಆ ಆರು ಮನೆಗಳ ಬಲದಿಂದ. ಅದು ನಮ್ಮ ಶಕ್ತಿಗೆ ಮೀರಿದ್ದು ಎಂದು ಎಂದೋ ಒಂದು ದಿನ ಗೊತ್ತಾಗಲೇಬೇಕಿತ್ತು. ಉಳಿತಾಯ ಖಾಲಿಯಾದ ಮೇಲೆ ಗೊತ್ತಾಗುವುದಕ್ಕಿಂತ 45 ಸಾವಿರ ಕೈಯಲ್ಲಿರುವಾಗ ಗೊತ್ತಾದದ್ದು ಒಳ್ಳೆಯದು.

ತಟ್ಟೆಯ ವಿಷಯದಲ್ಲೂ ಒಂದು ಬದಲಾವಣೆ ಆಯಿತು. ತಿಂಗಳಿಗೊಂದು ಭಾನುವಾರದ ಪೂರ್ತಿ ತಟ್ಟೆಯನ್ನು ಊರಿನ ಆಹಾರ ಬ್ಯಾಂಕ್, ನಿರಾಶ್ರಿತರ ನೆರವಿನ ಗುಂಪು ಇಂಥವಕ್ಕೆ ಕೊಡಲು ಶುರು ಮಾಡಿದೆವು. ನಮ್ಮ ಪಂಥದ ಹಲವು ಸಭೆಗಳಲ್ಲಿ ಇದು ಈಗ ಸಾಮಾನ್ಯ. ನಮಗೇ ಸಾಲದಿರುವಾಗ ಇದ್ಯಾಕೆ ಎಂದು ಬೋರ್ಡಿನಲ್ಲಿ ಗೊಣಗಾಟ ಇತ್ತು. ಆ ಭಾನುವಾರಗಳಲ್ಲಿ ತಟ್ಟೆಗೆ ಎಷ್ಟು ಜಾಸ್ತಿ ಬೀಳುತ್ತದೆ ಎಂದು ನೋಡಿದ ಮೇಲೆ ಗೊಣಗಾಟ ನಿಂತಿತು. ತಟ್ಟೆ ಕಂಡರೆ ಮೈ ಬಿಗಿಯುತ್ತದೆ ಎಂದಿದ್ದ ಹೆಂಗಸು ಈಗ ಆಹಾರ ಬ್ಯಾಂಕಿನ ತಟ್ಟೆಗೆ ತಪ್ಪದೆ ಹಾಕುತ್ತಾರೆ. ಪ್ಲೆಡ್ಜ್ ಮಾತ್ರ ಕೊಡುವುದಿಲ್ಲ. ಕೇಳುವುದನ್ನು ನಾವೂ ನಿಲ್ಲಿಸಿದ್ದೇವೆ.

ಒಂದು ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಯಾರು ಎಷ್ಟು ಕೊಡುತ್ತಾರೆ ಎಂಬುದು ಮಿನಿಸ್ಟರ್‌ಗೆ ಗೊತ್ತಿರಬೇಕಾ? ಗೊತ್ತಾದರೆ ದೊಡ್ಡ ದಾನಿಯನ್ನು ಬೇರೆ ಥರ ನೋಡುತ್ತಾರೆ ಎಂಬುದು ಹಳಬರ ವಾದ. ಭಯ ಸುಳ್ಳಲ್ಲ. ಬೆಂಚು ಬಾಡಿಗೆಯ ಕಾಲದಲ್ಲಿ ಆದದ್ದು ಅದೇ. ಆದರೆ ಹತ್ತು ವರ್ಷ ತಪ್ಪದೆ ಕೊಟ್ಟ ಮನೆಯವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದು ಬರೀ ಲೆಕ್ಕದ ವಿಷಯ ಅಲ್ಲ. ಕೆಲಸ ಹೋಗಿರಬಹುದು, ಕಾಯಿಲೆ ಬಂದಿರಬಹುದು, ಸಭೆಯ ಮೇಲೆ ಬೇಸರವಾಗಿರಬಹುದು. ನಮ್ಮಲ್ಲಿ ಅದು ಖಜಾಂಚಿಗೆ ಮಾತ್ರ ಗೊತ್ತಾಗುತ್ತದೆ, ಅವರು ಹೇಳುವಂತಿಲ್ಲ. ಮಿನಿಸ್ಟರ್‌ಗೆ ಗೊತ್ತಿರಬೇಕು ಎಂಬುದು ನನ್ನ ಮತ. ಬೋರ್ಡ್ ಎರಡು ಸಲ ಚರ್ಚಿಸಿ ಮುಂದೆ ಹಾಕಿದೆ. ಮೇಷ್ಟ್ರು ಈಗ ಬೋರ್ಡಿನಲ್ಲಿದ್ದಾರೆ, ವಿರೋಧ ಅವರದೇ. ಅಕ್ಟೋಬರ್ ಸಭೆಗೆ ಅದು ಮತ್ತೆ ಬರುತ್ತದೆ.